ಹೂವಿನ ಮೇಲೆ ಕೂತ ಬೊಬ್ಬೆ ಜೀರುಂಡೆ ಯಾವುದು?

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಕೆಲಸ ಮುಗಿಯುತ್ತಾ ಬಂದಂತೆ ಹೊಲಗಳಲ್ಲಿ ಅಲಸಂದೆ, ಅವರೆ ಹೂ ಬಿಡುತ್ತವೆ. ರಾಗಿಯ ಅಕ್ಕಡಿ ಸಾಲಿನಲ್ಲಿ ತೊಗರಿ ಅರಳುತ್ತದೆ. ಎಚ್.ಡಿ. ಕೋಟೆಯಲ್ಲಿ ಹತ್ತಿ, ಕೆ.ಆರ್. ನಗರದ ಹಿತ್ತಿಲುಗಳಲ್ಲಿ ಬೆಂಡೆ, ದಾಸವಾಳ. ಈ ಹೂಗಳ ಮೇಲೆ ಸುಮಾರು ಒಂದು ಇಂಚು ಉದ್ದದ, ಕಪ್ಪು ಮೈಗೆ ಕಿತ್ತಳೆ ಪಟ್ಟಿ ಬಳಿದುಕೊಂಡ ಜೀರುಂಡೆ ಕೂತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಅದು ಬ್ಲಿಸ್ಟರ್ ಬೀಟಲ್, ಅಂದರೆ ಬೊಬ್ಬೆ ಜೀರುಂಡೆ. ಹಿಚುಕಿದರೆ ಕಾಲಿನ ಕೀಲುಗಳಿಂದ ಹಳದಿ ದ್ರವ ಒಸರುತ್ತದೆ. ಅದು ತಾಗಿದ ಕಡೆ ಕೆಲವು ಗಂಟೆಗಳಲ್ಲಿ ಬೊಬ್ಬೆ ಏಳುತ್ತದೆ.

ಈ ವಿಷದ ಹೆಸರು ಕ್ಯಾಂಥರಿಡಿನ್. ಫ್ರಾನ್ಸಿನ ರಸಾಯನ ವಿಜ್ಞಾನಿ ಪಿಯೆರ್ ರೊಬಿಕೆ 1810ರಲ್ಲಿ ಇದನ್ನು ಬೇರ್ಪಡಿಸಿದರು. ಗಂಡು ಜೀರುಂಡೆ ಕೂಡುವಾಗ ಇದನ್ನು ಹೆಣ್ಣಿಗೆ ದಾಟಿಸುತ್ತದೆ, ಹೆಣ್ಣು ತನ್ನ ಮೊಟ್ಟೆಗಳಿಗೆ ಕಾವಲಾಗಿ ಬಳಸುತ್ತದೆ.

ಜಗತ್ತಿನಲ್ಲಿ ಇವುಗಳ ಎರಡೂವರೆ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಎಲ್ಲವೂ ಮೆಲೊಯಿಡೆ ಎಂಬ ಕುಟುಂಬಕ್ಕೆ ಸೇರಿದವು. ಬಣ್ಣವನ್ನು ನಂಬಿ ಗುರುತಿಸಲು ಹೋದರೆ ಎಡವುತ್ತೇವೆ, ಏಕೆಂದರೆ ಒಂದೇ ಪ್ರಭೇದದಲ್ಲೂ ಪಟ್ಟಿಯ ಅಗಲ ಬದಲಾಗುತ್ತದೆ. ನೋಡಬೇಕಾದ್ದು ಕಾಲನ್ನು. ಭೂತಗನ್ನಡಿ ಹಿಡಿದರೆ ಪ್ರತಿ ಉಗುರೂ ಎರಡಾಗಿ ಸೀಳಿರುವುದು ಕಾಣುತ್ತದೆ. ಮುಂಗಾಲು, ನಡುಗಾಲುಗಳ ಪಾದದಲ್ಲಿ ಐದೈದು ಗೆಣ್ಣು, ಹಿಂಗಾಲಿನಲ್ಲಿ ನಾಲ್ಕೇ. ಬಾಗಿದ ತಲೆ, ಅದರ ಹಿಂದೆ ಸಣ್ಣ ಕತ್ತು, ಮೆತ್ತನೆಯ ರೆಕ್ಕೆಹೊದಿಕೆ. ಇಷ್ಟೂ ಕೂಡಿ ಬಂದರೆ ಕುಟುಂಬ ಖಚಿತವಾದಂತೆ.

ಇನ್ನು ಬಾಯಿ. ಕಿತ್ತಳೆ ಪಟ್ಟಿಯ ಮೈಲಾಬ್ರಿಸ್ ಪುಸ್ಟುಲಾಟಾ ಹೂವಿನ ದಳ, ಕೇಸರಗಳನ್ನು ಕಚ್ಚಿ ತಿನ್ನುತ್ತದೆ. ಕೆಲವರು ಇದನ್ನು ಹೈಕ್ಲಿಯಸ್ ಕುಲಕ್ಕೆ ಸೇರಿಸುತ್ತಾರೆ. ಆ ವಾದ ನಡೆಯುವುದು ಮೀಸೆಯ ಗೆಣ್ಣು, ಎದೆಯ ಕೆಳಭಾಗದ ರಚನೆಯ ಮೇಲೆ. ನೆಮೊಗ್ನಾತಿನೆ ಉಪಕುಟುಂಬದ ಹಲವು ಜೀರುಂಡೆಗಳದ್ದು ಬೇರೆಯೇ ದಾರಿ: ಅವು ಮಕರಂದ ಹೀರುತ್ತವೆ. ಬಾಯಿಯ ಅಂಗವೊಂದು ಉದ್ದಕ್ಕೆ ಬೆಳೆದು ಕೊಳವೆಯಂತಾಗಿ ಹೂವಿನ ಆಳಕ್ಕೆ ಇಳಿಯುತ್ತದೆ. ಚಿಟ್ಟೆಯ ಹೀರುಗೊಳವೆಯಂತೆ ಸುರುಳಿ ಸುತ್ತಿಕೊಳ್ಳುವುದಿಲ್ಲ, ಚಾಚಿಕೊಂಡೇ ಇರುತ್ತದೆ. ಇವುಗಳ ಉಗುರಿನ ಮೇಲ್ಸೀಳಿನಲ್ಲಿ ಸಾಮಾನ್ಯವಾಗಿ ಬಾಚಣಿಗೆಯಂಥ ಹಲ್ಲುಗಳಿರುತ್ತವೆ. ಆದರೆ ಈ ಕೊಳವೆ ನಾಲಿಗೆಯ ಉದ್ದವನ್ನೇ ನೆಚ್ಚಿ ವರ್ಗೀಕರಿಸಲಾಗದು. ಬಡಗಿ ಜೇನಿನ ಗೂಡಿಗೆ ನುಗ್ಗುವ, ದೊಡ್ಡ ದವಡೆಯ ಸಿಸೈಟಿಸ್ ಜೀರುಂಡೆಗಳೂ ಇದೇ ಉಪಕುಟುಂಬದವು, ಅವಕ್ಕೆ ಉದ್ದ ನಾಲಿಗೆಯಿಲ್ಲ.

ನನಗೆ ಇವುಗಳ ಬಾಯಿಗಿಂತ ಮರಿಗಳ ಬದುಕೇ ಹೆಚ್ಚು ಬೆರಗಿನದು. ಮೊಟ್ಟೆಯೊಡೆದ ಮೈಲಾಬ್ರಿಸ್ ಮರಿ ಚುರುಕಾಗಿ ಓಡಾಡುತ್ತಾ ಮಣ್ಣಿನಲ್ಲಿ ಮಿಡತೆಯ ಮೊಟ್ಟೆಗೂಡು ಹುಡುಕುತ್ತದೆ. ಸಿಕ್ಕಿತೆಂದರೆ ಕಾಲಿನ ಕೆಲಸ ಮುಗಿಯಿತು. ಪೊರೆ ಬಿಟ್ಟು ಮಂದವಾದ ಹುಳುವಾಗಿ ಮೊಟ್ಟೆಗಳನ್ನು ತಿನ್ನುತ್ತದೆ. ಅಂದರೆ ಹೂ ತಿನ್ನುವ ದೊಡ್ಡದು ರೈತನಿಗೆ ನಷ್ಟ, ಮಿಡತೆ ಮೊಟ್ಟೆ ತಿನ್ನುವ ಮರಿ ಲಾಭ. ನೆಮೊಗ್ನಾತಿನೆ ಗುಂಪಿನ ಅನೇಕ ಹೆಣ್ಣುಗಳು ಹೂವಿನ ಮೇಲೋ ಅಕ್ಕಪಕ್ಕದಲ್ಲೋ ಮೊಟ್ಟೆಯಿಡುತ್ತವೆ. ಮರಿ ಅಲ್ಲೇ ಕಾದಿದ್ದು, ಬಂದ ಕಾಡುಜೇನಿನ ರೋಮಕ್ಕೆ ಅಂಟಿಕೊಂಡು ಅದರ ಗೂಡು ಸೇರಿ, ಅಲ್ಲಿನ ಪರಾಗ, ಮಕರಂದದ ದಾಸ್ತಾನಿನಲ್ಲಿ ಬೆಳೆಯುತ್ತದೆ. ತಪ್ಪು ಕೀಟವನ್ನು ಹಿಡಿದುಕೊಂಡರೆ ಗೂಡು ತಲುಪದೆ ಸಾಯುತ್ತದೆ. ಒಂದೇ ಮರಿ ಹೀಗೆ ಹಲವು ರೂಪ ತಾಳುವುದನ್ನು ಫ್ರಾನ್ಸಿನ ಜೀನ್ ಹೆನ್ರಿ ಫಾಬ್ರ್ 1857ರಲ್ಲಿ ವಿವರಿಸಿದ್ದರು.

ಗುರುತು ತಪ್ಪಿದರೆ ಮಿಡತೆಯ ಶತ್ರು ಯಾವುದು, ಜೇನಿನ ಶತ್ರು ಯಾವುದು ಎಂಬುದೇ ತಿಳಿಯದೆ ಔಷಧಿ ಹೊಡೆಯುತ್ತೇವೆ. ಹೂ ಬಿಟ್ಟ ಬೆಳೆಗೆ ಹೊಡೆದ ಔಷಧಿ ಜೇನನ್ನೂ ಕೊಲ್ಲುತ್ತದೆ. ಸಣ್ಣ ಹೊಲವಾದರೆ ಬೆಳಗ್ಗೆ ಕೈಗೆ ದಪ್ಪ ಕವಸು ಹಾಕಿ ಹಿಡಿದು ಸೋಪಿನ ನೀರಿಗೆ ಹಾಕುವುದೇ ಸಾಕು. ಮೈಮೇಲೆ ಕೂತರೆ ಊದಿ ಹಾರಿಸಿ, ಹೊಡೆಯಬೇಡಿ. ದ್ರವ ತಾಗಿದ್ದರೆ ಸೋಪು ಹಾಕಿ ತೊಳೆಯಿರಿ. ಕಿತ್ತ ಮೇವಿನಲ್ಲಿ ಜೀರುಂಡೆ ಸೇರಿದ್ದರೆ ಅದನ್ನು ದನಗಳಿಗೆ, ಕುದುರೆಗೆ ಹಾಕಬೇಡಿ. ಹಿಂದೆ ಕಂಡಿರದ ಬಗೆಯದೊಂದು ಕಣ್ಣಿಗೆ ಬಿದ್ದರೆ ಮುಖ, ಮೀಸೆ, ಕಾಲು ಸ್ಪಷ್ಟವಾಗಿ ಕಾಣುವಂತೆ ಫೋಟೊ ತೆಗೆದು, ಯಾವ ಹೂವಿನ ಮೇಲಿತ್ತು ಎಂದು ಬರೆದು, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೋ ತೋರಿಸಿ.