ಬೆಳೆಯುವ ಮಕ್ಕಳ ಮೊಣಕಾಲು ನೋವು

"ಅವ್ವಾ, ಮೊಣಕಾಲು ನೋಯುತ್ತದೆ" ಎಂದು ಮಗು ಹೇಳಿದೊಡನೆ ಮನೆಯ ಹಿರಿಯರು, "ಬೆಳೆಯುವ ವಯಸ್ಸು, ಎಣ್ಣೆ ಹಚ್ಚಿದರೆ ಹೋಗುತ್ತದೆ" ಎನ್ನುವುದುಂಟು. ಈ ಮಾತು ಬಹುಸಲ ನಿಜವಾಗುತ್ತದೆ. ಆದರೆ ನಿಜವಾಗದಿದ್ದಾಗ ಅದರ ಫಲವನ್ನು ಮಗು ಜೀವಮಾನವಿಡೀ ಅನುಭವಿಸಬೇಕಾದೀತು. ಆದುದರಿಂದ ಸಹಜವಾದ ನೋವು ಯಾವುದು, ಅಪಾಯದ ಸೂಚನೆ ಯಾವುದು ಎಂಬುದನ್ನು ತಾಯಿತಂದೆಗಳು ತಿಳಿದಿರುವುದು ಅವಶ್ಯ.

ಸಹಜವಾದ ನೋವು

ಸಾಮಾನ್ಯವಾಗಿ 3 ರಿಂದ 12 ವರ್ಷದ ಮಕ್ಕಳಲ್ಲಿ ಇದು ಕಾಣಿಸುತ್ತದೆ. ನೋವು ಎರಡೂ ಕಾಲುಗಳಲ್ಲಿ, ಸಂಜೆ ಅಥವಾ ರಾತ್ರಿ ಬರುತ್ತದೆ. ಬೆಳಗಾಗುತ್ತಲೇ ಮಗು ಎಂದಿನಂತೆ ಓಡಾಡುತ್ತದೆ. ಬಾವು, ಜ್ವರ, ಕುಂಟುವಿಕೆ ಇರುವುದಿಲ್ಲ. ಮೃದುವಾಗಿ ನೀವಿ, ಬೆಚ್ಚಗಿನ ಶಾಖ ಕೊಟ್ಟರೆ ಸಾಕು.

ಆಟದ ಮಕ್ಕಳ ನೋವು

ಖೋಖೋ, ಕಬಡ್ಡಿ, ಓಟಗಳಲ್ಲಿ ತೊಡಗಿದ 10 ರಿಂದ 15 ವರ್ಷದ ಮಕ್ಕಳಲ್ಲಿ ಮೊಣಕಾಲ ಚಿಪ್ಪಿನ ಕೆಳಗೆ ನೋವಿನ ಗಂಟು ಏಳುವುದುಂಟು. ತೊಡೆಯ ಸ್ನಾಯು, ಇನ್ನೂ ಗಟ್ಟಿಯಾಗದ ಎಲುಬಿನ ತುದಿಯನ್ನು ಪದೇ ಪದೇ ಎಳೆಯುವುದೇ ಇದಕ್ಕೆ ಕಾರಣ. 1903 ರಲ್ಲಿ ಅಮೆರಿಕದ ಆಸ್‌ಗುಡ್ ಮತ್ತು ಸ್ವಿಟ್ಜರ್ಲೆಂಡಿನ ಶ್ಲಾಟರ್ ಇದನ್ನು ವಿವರಿಸಿದ್ದರಿಂದ ರೋಗಕ್ಕೆ ಅವರಿಬ್ಬರ ಹೆಸರೇ ನಿಂತಿದೆ. ವೈದ್ಯರು ಹೆಚ್ಚಾಗಿ ಕೈಯಿಂದ ಒತ್ತಿ ನೋಡಿಯೇ ಇದನ್ನು ಗುರುತಿಸುತ್ತಾರೆ. ಓಟ, ಜಿಗಿತಗಳನ್ನು ಕಡಿಮೆ ಮಾಡುವುದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಡುವುದು, ತೊಡೆಯ ಸ್ನಾಯುಗಳನ್ನು ಸಡಿಲಿಸುವ ವ್ಯಾಯಾಮ, ಇವೇ ಚಿಕಿತ್ಸೆ. ಎಲುಬಿನ ಬೆಳವಣಿಗೆ ಮುಗಿದಾಗ ನೋವು ಸಾಮಾನ್ಯವಾಗಿ ತಾನಾಗಿಯೇ ಶಮನವಾಗುತ್ತದೆ. ಅಲ್ಲಿಯವರೆಗೆ ಮಂಡಿಯೂರಿ ನಮಸ್ಕರಿಸೆಂದು ಮಗುವನ್ನು ಒತ್ತಾಯಿಸಬಾರದು. ಶಿವಪೂಜೆಗೆ ಅನುಕೂಲವಾದ ಆಸನದಲ್ಲಿ ಕುಳಿತರಾಯಿತು.

ನೋವು ಮೊಣಕಾಲಿನಲ್ಲಿ, ರೋಗ ಸೊಂಟದಲ್ಲಿ

ಬಹುಮಂದಿ ಅರಿಯದ ಸಂಗತಿ ಇದು. ಸೊಂಟದ ಕೀಲಿಗೂ ಮೊಣಕಾಲಿಗೂ ಕೆಲವು ನರಗಳು ಸಮಾನವಾಗಿರುವುದರಿಂದ ಸೊಂಟದ ರೋಗ ಮೊಣಕಾಲಿನ ನೋವಾಗಿ ತೋರಬಹುದು. 4 ರಿಂದ 8 ವರ್ಷದವರಲ್ಲಿ ತೊಡೆ ಎಲುಬಿನ ತಲೆಗೆ ರಕ್ತಸಂಚಾರ ಕುಂದುವ ಪರ್ಥೆಸ್ ರೋಗ ಬರಬಹುದು. 10 ರಿಂದ 16 ವರ್ಷದವರಲ್ಲಿ, ವಿಶೇಷವಾಗಿ ಸ್ಥೂಲಕಾಯದವರಲ್ಲಿ, ಆ ಎಲುಬಿನ ತಲೆಯೇ ಜಾರಬಹುದು. ಆಗ ಮೊಣಕಾಲಿನ ಎಕ್ಸ್‌ರೇ ಮಾತ್ರ ತೆಗೆಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ! ಮಗು ಕುಂಟುತ್ತಿದ್ದರೆ, ಪಾದ ಹೊರಕ್ಕೆ ತಿರುಗಿದ್ದರೆ, ಸೊಂಟವನ್ನೂ ಪರೀಕ್ಷಿಸುವಂತೆ ವೈದ್ಯರನ್ನು ಕೇಳಿಕೊಳ್ಳಬೇಕು. ಜಾರಿದ ಎಲುಬನ್ನು ಬೇಗನೆ ಶಸ್ತ್ರಚಿಕಿತ್ಸೆಯಿಂದ ತಿರುಪು ಹಾಕಿ ನಿಲ್ಲಿಸಬಹುದು. ಅದುವರೆಗೆ ಮಗುವನ್ನು ನಡೆಸಬಾರದು. ತಡವಾದರೆ ಎಳೆಯ ವಯಸ್ಸಿನಲ್ಲಿಯೇ ಕೀಲು ಸವೆಯುವ ಭಯವುಂಟು.

ತಡಮಾಡಬಾರದ ಲಕ್ಷಣಗಳು

ಜ್ವರದೊಡನೆ ಕೀಲು ಬಿಸಿಯಾಗಿ ಊದಿಕೊಂಡು ಮಗು ಕಾಲೂರದಿದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕೀಲಿನಲ್ಲಿ ಕೀವು ತುಂಬಿದರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಹಾಳಾಗುತ್ತದೆ. ಒಂದೇ ಕಾಲಿನಲ್ಲಿ ರಾತ್ರಿ ನಿದ್ದೆಗೆಡಿಸುವ ನೋವು, ಬೆಳೆಯುವ ಬಾವು ಕಂಡರೆ ಎಕ್ಸ್‌ರೇ ಅನಿವಾರ್ಯ. ವಿರಳವಾದರೂ ಎಲುಬಿನ ಗಡ್ಡೆಗಳು ಮೊಣಕಾಲ ಸುತ್ತಲೇ ಹೆಚ್ಚಾಗಿ ಹುಟ್ಟುತ್ತವೆ. ಇಂಥ ಕಾಲನ್ನು ಬಲವಾಗಿ ತಿಕ್ಕಿಸುವುದಾಗಲಿ, ಎಳೆದು ಪಟ್ಟು ಕಟ್ಟಿಸುವುದಾಗಲಿ ಸಲ್ಲದು.

ಕಾಯಕಕ್ಕೆ ಕಾಯವೇ ಆಧಾರ. ಮಕ್ಕಳು ನಾಳೆ ತಮ್ಮ ಕಾಯಕದಲ್ಲಿ ದೃಢವಾಗಿ ನಿಲ್ಲಬೇಕಾದರೆ ಇಂದು ಅವರ ನಡಿಗೆಯ ಮೇಲೆ ನಮ್ಮ ಕಣ್ಣಿರಲಿ. ಮಗು ನೋವೆಂದಾಗ ಮೊದಲು ಅದನ್ನು ನಡೆಸಿ ನೋಡೋಣ. ಕುಂಟಿದರೆ, ಎಣ್ಣೆಯ ಬಟ್ಟಲನ್ನು ಬದಿಗಿಟ್ಟು ವೈದ್ಯರಲ್ಲಿಗೆ ಕರೆದೊಯ್ಯೋಣ.