ಮೊದಲು ಯಾರ ಹಾಸಿಗೆಗೆ?

ವಾರ್ಡಿನಲ್ಲಿ ನಾಲ್ವರು ರೋಗಿಗಳು. ಮಂಡಿ ಬದಲಿ ಶಸ್ತ್ರಚಿಕಿತ್ಸೆಯಾದ ಮರುದಿನ ನೋವು ತಾಳಲಾರದೆ ಕೂಗುತ್ತಿರುವ ಅಜ್ಜಿ. ಬಹುಕಾಲದ ಸಿಒಪಿಡಿಯಿಂದ ಬಳಲುವ ತಾತ, ಆಮ್ಲಜನಕ ಶೇ 90. ಡಿಸ್‌ಚಾರ್ಜ್ ಚೀಟಿಗೆ ಕಾದು ಕಾದು ರೇಗುತ್ತಿರುವ ಮಧುಮೇಹಿ. ನಿನ್ನೆ ಥೈರಾಯ್ಡ್ ಗ್ರಂಥಿ ತೆಗೆಸಿಕೊಂಡು, ‘ತುಟಿ ಸುತ್ತ ಯಾಕೋ ಜುಮುಜುಮು ಅನ್ನುತ್ತೆ ಸಿಸ್ಟರ್’ ಎಂದು ಮೆಲ್ಲಗೆ ಹೇಳಿದ ಹೆಂಗಸು. ಮೊದಲು ಯಾರ ಬಳಿ ಹೋಗುತ್ತೀರಿ?

ಅಮೆರಿಕದಲ್ಲಿ ನರ್ಸ್ ಆಗಲು ಪಾಸು ಮಾಡಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯ ತಿರುಳೇ ಇಂಥ ಪ್ರಶ್ನೆ. ಇದನ್ನು ಬೆಂಗಳೂರಿನಲ್ಲೇ ಬರೆಯಬಹುದು. ಐದು ಗಂಟೆ ಅವಧಿ, 85ರಿಂದ 150 ಪ್ರಶ್ನೆ. ಉತ್ತರ ಸರಿಯಾದಷ್ಟೂ ಕಂಪ್ಯೂಟರ್ ಮುಂದಿನದನ್ನು ಬಿಗಿ ಮಾಡುತ್ತದೆ. 2023ರ ಏಪ್ರಿಲ್‌ನಿಂದ ಒಬ್ಬನೇ ರೋಗಿಯ ಬೆನ್ನುಹತ್ತಿ ಹೋಗುವ ಕೇಸ್ ಸ್ಟಡಿಗಳೂ ಸೇರಿವೆ. ಲಕ್ಷಣಗಳ ಹೆಸರನ್ನು ಮಗ್ಗಿಯಂತೆ ಉರು ಹೊಡೆದವರು ಎಡವುವುದು ಇಲ್ಲೇ.

ಉತ್ತರ, ಆ ಮೆಲುದನಿಯ ಹೆಂಗಸು. ಥೈರಾಯ್ಡ್‌ಗೆ ಅಂಟಿಕೊಂಡಿರುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾದರೆ ರಕ್ತದ ಕ್ಯಾಲ್ಸಿಯಂ ಇಳಿಯುತ್ತದೆ. ತುಟಿ ಜುಮುಗುಡುವುದು ಅದರ ಮೊದಲ ಸುಳಿವು. ಬಿಪಿ ಪಟ್ಟಿಯನ್ನು ಉಬ್ಬಿಸಿ ಮೂರು ನಿಮಿಷ ಹಿಡಿದರೆ ಮಣಿಕಟ್ಟು ಬಾಗಿ ಬೆರಳು ಸೆಟೆಯುತ್ತವೆ. ಇದು ಟ್ರೂಸೋ ಚಿಹ್ನೆ. ಕಿವಿಯ ಮುಂದೆ ಕೆನ್ನೆಯನ್ನು ತಟ್ಟಿದಾಗ ಮುಖದ ಸ್ನಾಯು ಅದುರಿದರೆ ಶ್ವೊಸ್ಟೆಕ್ ಚಿಹ್ನೆ. ಅದೇ ಸೆಳೆತ ಧ್ವನಿಪೆಟ್ಟಿಗೆಗೆ ಬಂದರೆ ಉಸಿರಿನ ದಾರಿಯೇ ಮುಚ್ಚುತ್ತದೆ. ಹೆಸರುಗಳಿಗಿಂತ ಈ ಕೊನೆಯ ಕೊಂಡಿ ಮುಖ್ಯ ಎಂದು ನನಗೆ ಖಚಿತವಾಗಿ ಅನಿಸುತ್ತದೆ.

ತಾತನ ಶೇ 90 ಗಾಬರಿಯ ಅಂಕಿಯಲ್ಲ. ಅಂಥವರಲ್ಲಿ ಸಾಮಾನ್ಯವಾಗಿ 88ರಿಂದ 92ರ ನಡುವೆ ಇರಿಸುವುದೇ ಗುರಿ. ಅದೇ 90 ಆಸ್ತಮಾದ ಹುಡುಗನಲ್ಲಿ ಕಂಡು, ಎದೆಯ ಸುಯ್ ಸದ್ದೂ ತಟ್ಟನೆ ನಿಂತಿದ್ದರೆ? ‘ಪಾಪ, ಈಗ ಆರಾಮಾದ’ ಅಂದುಕೊಳ್ಳಬಾರದು. ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಓಡಾಡುತ್ತಿಲ್ಲ ಎಂದರ್ಥ.

ಹಾಗೆಯೇ, ಜೋಡಿ ಮಾಡಿ ಓದಿದ್ದು ಮನಸ್ಸಿನಲ್ಲಿ ನಿಲ್ಲುತ್ತದೆ. ರಕ್ತ ಸೋರಿ ಶಾಕ್‌ಗೆ ಜಾರುವವನ ನಾಡಿ ಏರುತ್ತದೆ, ಬಿಪಿ ಇಳಿಯುತ್ತದೆ. ತಲೆಗೆ ಪೆಟ್ಟಾಗಿ ಮಿದುಳಿನ ಒತ್ತಡ ಹೆಚ್ಚಿದವನಲ್ಲಿ ಇದು ತಲೆಕೆಳಗು: ಬಿಪಿ ಏರುತ್ತದೆ, ನಾಡಿ ನಿಧಾನವಾಗುತ್ತದೆ, ಉಸಿರು ಲಯ ತಪ್ಪುತ್ತದೆ.

ಇಂಗ್ಲಿಷ್ ಪಠ್ಯದ ಮುಂದೆ ಕುಗ್ಗುವ ಕನ್ನಡದ ಮಕ್ಕಳಿಗೆ ಒಂದು ಮಾತು. ಕಾಲರಾದ ಭೇದಿ ಹೇಗಿರುತ್ತದೆಂದು ನಿಮಗೆ ಚಿತ್ರ ಬೇಕಿಲ್ಲ, ಅಡುಗೆಮನೆಯ ಅಕ್ಕಚ್ಚು ಸಾಕು. ದಡಾರದ ಗಂಧೆ ಏಳುವ ಮೊದಲೇ ಕೆನ್ನೆಯ ಒಳಬದಿ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಕಾಣುತ್ತದೆ. ಕೋಪ್ಲಿಕ್ ಚುಕ್ಕೆ ಅಂದರೆ ಅದೇ. ಗಂಟಲಮಾರಿಯಲ್ಲಿ ಬೂದು ಪೊರೆ ಕಟ್ಟುತ್ತದೆ, ಕೆರೆದರೆ ರಕ್ತ ಬರುತ್ತದೆ. ಕನ್ನಡದಲ್ಲಿ ಕಂಡದ್ದನ್ನು ಇಂಗ್ಲಿಷಿನಲ್ಲಿ ಗುರುತು ಹಚ್ಚುವುದು ಅಷ್ಟು ಕಷ್ಟವಲ್ಲ.

ಇನ್ನು ಕೂಗುತ್ತಿರುವ ಅಜ್ಜಿ. ಶಸ್ತ್ರಚಿಕಿತ್ಸೆಯ ಮರುದಿನದ ನೋವು ನಿರೀಕ್ಷಿತ. ಔಷಧಿ ಕೊಡಲೇಬೇಕು, ಆದರೆ ಎರಡನೆಯ ಸರದಿಯಲ್ಲಿ. ಅವರ ಬದಲು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಹುಡುಗನನ್ನು ಊಹಿಸಿಕೊಳ್ಳಿ. ಮಾರ್ಫಿನ್ ಕೊಟ್ಟರೂ ನೋವು ಏರುತ್ತಿದೆ, ಬೆರಳು ಬಿಳುಚಿ ಮರಗಟ್ಟುತ್ತಿದೆ. ಪ್ಲಾಸ್ಟರಿನೊಳಗೆ ಒತ್ತಡ ಹೆಚ್ಚಿ ಸ್ನಾಯು ಸಾಯುತ್ತಿರಬಹುದು. ಈ ಕೂಗನ್ನು ಕಾಯಿಸುವಂತಿಲ್ಲ. ಡಾಕ್ಟರಿಗೆ ಕೂಡಲೇ ಕರೆ ಹೋಗಬೇಕು, ಮತ್ತು ಕಾಲನ್ನು ದಿಂಬಿನ ಮೇಲೆ ಎತ್ತಿಡದೆ ಎದೆಯ ಮಟ್ಟದಲ್ಲೇ ಇರಿಸಬೇಕು.