ದಪ್ಪ ಅಕ್ಷರವೂ ಒತ್ತಿನ ಎಡೆಯೂ

ವರನಟ ಡಾ. ರಾಜ್‌ಕುಮಾರ್ ಅವರ ಊರೆಂದು ಕನ್ನಡಿಗರಿಗೆಲ್ಲ ಪರಿಚಿತವಾದ ದೊಡ್ಡಗಾಜನೂರು ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿದೆ. ಅಲ್ಲಿ ಆಡಳಿತದ ನುಡಿ ತಮಿಳು; ಬಹುಮಂದಿಯ ಮನೆಮಾತು ಕನ್ನಡ. ಇಂತಹ ಗಡಿನಾಡಿನಲ್ಲಿ ಊರಿನ ಹೆಸರನ್ನು ಒಂದೇ ಫಲಕದ ಮೇಲೆ ಎರಡು ಲಿಪಿಗಳಲ್ಲಿ ಬರೆಯುವಾಗ ಕನ್ನಡದ ಸಾಲು ಕಿರಿದಾಗಿ ಕಾಣುವ ಸಂಭವವುಂಟು. ಇದಕ್ಕೆ ಅನಾದರವೊಂದೇ ಕಾರಣವಾಗಬೇಕಿಲ್ಲ. ಅಕ್ಷರದ ರಚನೆಯೂ ಕಾರಣವಾಗಬಲ್ಲದು.

ದೂರದಿಂದ ಓದಬೇಕಾದ ಫಲಕ, ಭಿತ್ತಿಪತ್ರ, ಶೀರ್ಷಿಕೆಗಳಿಗೆ ಜ್ಯಾಮಿತೀಯ ಶೈಲಿಯ ದಪ್ಪ ಅಕ್ಷರಗಳು ಒಪ್ಪುತ್ತವೆ. ವೃತ್ತ ಮತ್ತು ಸರಳರೇಖೆಗಳೇ ಇವುಗಳ ಆಧಾರ. ಗೆರೆಯ ದಪ್ಪ ಬಹುತೇಕ ಏಕರೂಪ; ತುದಿಗಳಲ್ಲಿ ಅಲಂಕಾರದ ಕುಡಿಗಳಿಲ್ಲ. ಜರ್ಮನಿಯ ಪಾಲ್ ರೆನ್ನರ್ ರೂಪಿಸಿ 1927ರಲ್ಲಿ ಹೊರಬಂದ 'ಫ್ಯೂಚುರಾ' ಈ ಶೈಲಿಯ ಪ್ರಸಿದ್ಧ ಮಾದರಿ. ಅದರಲ್ಲಿಯೂ ಗೆರೆಗಳು ಕೂಡುವೆಡೆಯನ್ನು ತುಸು ತೆಳುವಾಗಿಸಲಾಗಿದೆ. ಕೈವಾರದ ಲೆಕ್ಕಕ್ಕಿಂತ ಕಣ್ಣಿನ ಲೆಕ್ಕ ಮುಖ್ಯವಾದುದರಿಂದ.

ದುಂಡಾದ ಕನ್ನಡ ಲಿಪಿಗೆ ಈ ಶೈಲಿ ಹೇಳಿ ಮಾಡಿಸಿದಂತೆ ತೋರುತ್ತದೆ. ಆದರೆ ಗೆರೆ ದಪ್ಪವಾದಷ್ಟೂ ಅಕ್ಷರದ ಒಳಬಯಲು ಕುಗ್ಗುತ್ತದೆ. 'ಠ'ಕಾರದ ನಡುವಿನ ಚುಕ್ಕೆ ಸುತ್ತಿನೊಡನೆ ಬೆರೆಯುತ್ತದೆ. 'ಧ'ಕಾರದ ಅಡಿಯ ಸಣ್ಣ ಸೀಳು ಮುಚ್ಚಿಹೋದರೆ 'ಧನ'ವು 'ದನ'ವಾಗುತ್ತದೆ. ಆದ್ದರಿಂದ ವಿನ್ಯಾಸಕಾರನು ಹೊರಸುತ್ತನ್ನು ಅಗಲಗೊಳಿಸಿ, ಒಳಗೆರೆಗಳನ್ನು ತೆಳುವಾಗಿಸಿ ಬೆಳಕಿಗೆ ಎಡೆಮಾಡಬೇಕಾಗುತ್ತದೆ.

ಇನ್ನು ಒತ್ತಕ್ಷರದ ಪ್ರಶ್ನೆ. 'ದೊಡ್ಡಗಾಜನೂರು' ಎಂಬ ಹೆಸರಿನ ಆರು ಅಕ್ಷರಗಳಲ್ಲಿ ಒತ್ತು ಇರುವುದು 'ಡ್ಡ'ದಲ್ಲಿ ಮಾತ್ರ. ಆದರೂ ಅದೊಂದಕ್ಕಾಗಿ ಸಾಲಿನ ಕೆಳಗೆ ಉದ್ದಕ್ಕೂ ಎಡೆ ಬಿಡಬೇಕು. ತಮಿಳಿನಲ್ಲಿ ದ್ವಿತ್ವದ ಎರಡು ವ್ಯಂಜನಗಳೂ ಒಂದರ ಪಕ್ಕದಲ್ಲೊಂದು ನಿಲ್ಲುತ್ತವೆ. ಮೊದಲನೆಯದರ ಮೇಲೆ ಚುಕ್ಕೆಯಿದ್ದರೆ ಸಾಕು. ಹೀಗಾಗಿ ಎರಡೂ ಸಾಲುಗಳಿಗೆ ಸಮನಾದ ಎತ್ತರ ಕೊಟ್ಟರೆ ಕನ್ನಡದ ಮೂಲಾಕ್ಷರಗಳೇ ಕಿರಿದಾಗುತ್ತವೆ. ಸಮಾನ ಅಳತೆ ಸಮಾನ ಗೋಚರತೆಯಲ್ಲ.

ಹಲವು ಲಿಪಿಗಳನ್ನು ಒಟ್ಟಿಗೆ ರೂಪಿಸುವುದೇ ಇದಕ್ಕೆ ಪರಿಹಾರ. ಮುಂಬಯಿಯ 'ಏಕ್ ಟೈಪ್' ಸಂಸ್ಥೆ 2022ರಲ್ಲಿ ಹೊರತಂದ 'ಅನೇಕ್' ಅಕ್ಷರಕುಟುಂಬದಲ್ಲಿ ಕನ್ನಡ, ತಮಿಳು ಸೇರಿ ಹತ್ತು ಲಿಪಿಗಳಿವೆ. ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹೊಂದಿಸಿಕೊಳ್ಳಬಹುದು. ಅದೇ ಸಂಸ್ಥೆಯ 'ಬಲೂ' ಕಟ್ಟುನಿಟ್ಟಾದ ಜ್ಯಾಮಿತೀಯ ಶೈಲಿಯದಲ್ಲ. ದುಂಡುತುದಿಯ ದಪ್ಪ ಅಕ್ಷರ. ಅದರ ಕನ್ನಡ ರೂಪದ ಹೆಸರು 'ಬಲೂ ತಮ್ಮ', ತಮಿಳು ರೂಪದ್ದು 'ಬಲೂ ತಂಬಿ'. ಎರಡು ನುಡಿಗಳಲ್ಲಿಯೂ ಒಂದೇ ಅರ್ಥ! ಇವೆರಡೂ ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ದೊರೆಯುತ್ತವೆ.

ವಿಭಾಗದ ಭಿತ್ತಿಪತ್ರಕ್ಕೆ ಅಕ್ಷರಶೈಲಿಯನ್ನು ಆರಿಸುವ ವಿದ್ಯಾರ್ಥಿಗಳು ಮೊದಲು 'ಧನ', 'ಪಾಠ', 'ರಾಷ್ಟ್ರ' ಎಂಬ ಮೂರು ಪದಗಳನ್ನು ಅಚ್ಚುಹಾಕಿ ಹತ್ತು ಹೆಜ್ಜೆ ದೂರದಿಂದ ನೋಡಲಿ. ಸೀಳು, ಚುಕ್ಕೆ, ಒತ್ತು ಮೂರೂ ಸ್ಪಷ್ಟವಾಗಿ ಕಂಡರೆ ಆ ಶೈಲಿ ಕನ್ನಡಕ್ಕೆ ಸಲ್ಲುತ್ತದೆ. ಗಡಿಯೂರಿನ ಫಲಕದಲ್ಲಿಯೂ ಕನ್ನಡಕ್ಕೆ ಸಲ್ಲಬೇಕಾದ ಸ್ಥಾನವನ್ನು ಅಳೆಯಬೇಕಾದುದು ಹೀಗೆ, ಓದುವವನ ಕಣ್ಣಿನಿಂದ.